ಪಾಳಿಯ ಮೊದಲ ಡಬ್ಬಿ

"ಮುಟ್ಟಬ್ಯಾಡ ಅಂದೆ! ಪಾಳಿ ಕೆಡತೈತಿ!"

ಪದ್ಮಾವತಿ ಹಲಗೆಗೆ ಅಡ್ಡ ನಿಂತು ಎರಡೂ ಕೈ ಚಾಚಿಬಿಟ್ಟಳು. ಒಂದು ಡಬ್ಬಿಗೆ ಆಗಲೇ ಕೈ ಹಾಕಿದ್ದ ಬಸವಲಿಂಗ ಬಗ್ಗಿದವನು ಬಗ್ಗಿದಂತೆಯೇ ನಿಂತ. ಅವನ ಹಿಂದೆ ಸಿಂಧನೂರಿನಿಂದ ಬಂದಿದ್ದ ಬೀಗರಿಬ್ಬರು ಏನೂ ತಿಳಿಯದೆ ಮುಖ ಮುಖ ನೋಡಿಕೊಂಡರು.

"ಚಿಗವ್ವ, ಖಾಲಿ ಡಬ್ಬಿ ಅದಾವ ಇವು. ಒಳಗ ಒಂದು ಕಾಳಿಲ್ಲ. ಎಂಥಾ ಪಾಳಿ?"

"ಕಾಳಿನ ಪಾಳಿ ಅಲ್ಲೋ ಇದು. ಹಾಡಿನ ಪಾಳಿ. ನಿಮ್ಮವ್ವ ಹಚ್ಚಿದ್ದು."

"ಅವ್ವನ್ನ ಕುಂದ್ರಸಾಕ ಜಾಗ ಬ್ಯಾಡೇನು?"

ಅಂಬಿಕಾ ಒಳಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ತಾಯಿ ಹೋದಳೆಂದು ರಾತ್ರಿ ಅಣ್ಣನ ಫೋನು ಬಂದದ್ದೇ, ಮುಂಜಾನೆ ಮುದಗಲ್ಲಿನಿಂದ ಮೊದಲ ಬಸ್ಸಿಗೆ ಉಟ್ಟ ಸೀರೆಯಲ್ಲೇ ಹೊರಟಿದ್ದಳು. ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ, ಮಸ್ಕಿ ದಾಟಿ, ಸಿಂಧನೂರಿನಲ್ಲಿಳಿದು, ಟಂಟಂ ಹಿಡಿದು ತುರ್ವಿಹಾಳಕ್ಕೆ ಬಂದು ಮುಟ್ಟುವಷ್ಟರಲ್ಲಿ ಹೆಂಗಸರು ತಾಯಿಗೆ ನೀರು ಹಾಕಲು ಸೆರಗು ಕಟ್ಟಿ ನಿಂತಿದ್ದರು. ಅವರ ಜೊತೆ ತಾನೂ ನೀರು ಹಾಕಿ, ವಿಭೂತಿ ಹಚ್ಚಿ, ಈಗಷ್ಟೇ ಹೊರಗೆ ಬಂದಿದ್ದಳು. ತೋಳು ಇನ್ನೂ ಹಸಿಯಾಗಿತ್ತು.

ಮನೆಯ ಮುಂಭಾಗವೇ ಹಿಟ್ಟಿನ ಗಿರಣಿ. ಒಳಗಿನ ಪಡಸಾಲೆ ಇಕ್ಕಟ್ಟು, ಬಂದವರಿಗೆ ದರ್ಶನಕ್ಕೆ ಆಗುವುದಿಲ್ಲ. ಅದಕ್ಕೆ ತಾಯಿ ಅಮರಮ್ಮನನ್ನು ಗಿರಣಿಯಲ್ಲೇ, ಬೀಸುವ ಕಲ್ಲಿನ ಎದುರು ಗೋಡೆಗೆ ಕೂಡ್ರಿಸುವುದೆಂದು ಹಿರಿಯರು ಹೇಳಿದ್ದರು. ಆ ಗೋಡೆಯುದ್ದಕ್ಕೂ ಒಂದು ಹಲಗೆ. ಹಲಗೆಯ ಮೇಲೆ, ಯಾರೋ ಯಾವಾಗಲೋ ಬಿಟ್ಟುಹೋಗಿ ಮತ್ತೆ ಕೇಳದ ಹಳೆಯ ಡಬ್ಬಿಗಳ ಸಾಲು. ಎಡ ತುದಿಗೆ ಮಾತ್ರ ಮನೆಯದೇ, ಮುಚ್ಚಳವಿಲ್ಲದ, ಒಂದು ಮಗ್ಗುಲು ನೆಗ್ಗಿದ ಕೆಂಪು ಡಬ್ಬಿ. ಅದರ ಪಕ್ಕ ನೀಲಿ ಮುಚ್ಚಳದ್ದು. ಆಮೇಲೆ ಉಳಿದವು.

"ಸಾಲು ಕೆಡದಂಗ ತಗೀಬೇಕಂದ್ರ ಹಲಗಿನ ಎತ್ತರೆಪಾ," ಎಂದಳು ಪದ್ಮಾವತಿ. "ಡಬ್ಬಿ ಮ್ಯಾಲಿದ್ದಂಗೇ ಎತ್ತಿ ಹೊರಗ ಕಟ್ಟಿ ಮ್ಯಾಲ ಇಡ್ರಿ. ಇದರಾಗ ಒಂದ ಹಿಂದಮುಂದಾದರೂ ಆಕಿ ಎದ್ದು ಬಂದು ಬೈತಾಳ."

ಯಾರೋ ಒಬ್ಬರಿಗೆ ನಗು ಬಂದು, ಅದನ್ನು ಕೆಮ್ಮು ಮಾಡಿ ನುಂಗಿದರು. ಬಸವಲಿಂಗ ಹಣೆ ಒರೆಸಿಕೊಂಡ. ಕೊನೆಗೆ ನಾಲ್ವರು ಗಂಡಸರು ಹಲಗೆಯ ನಾಲ್ಕು ಮೂಲೆಗೆ ಹೆಗಲು ಕೊಟ್ಟರು. ಖಾಲಿ ಡಬ್ಬಿಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡಿದವು. ಪದ್ಮಾವತಿ ಪಕ್ಕದಲ್ಲೇ ನಡೆಯುತ್ತ, "ಹೌರಗ, ಹೌರಗ" ಎನ್ನುತ್ತ ಹೊಸ್ತಿಲು ದಾಟಿಸಿದಳು. ಹೊರಗೆ ಚಾಪೆಯ ಮೇಲೆ ಕೂತಿದ್ದ ಮಂದಿ, ಏನು ಬಂತೆಂದು ತಿಳಿಯದಿದ್ದರೂ, ಎದ್ದು ನಿಂತು ದಾರಿ ಬಿಟ್ಟರು.

*

ಗಂಡ ಹೋದಮೇಲೆ ಗಿರಣಿಯನ್ನು ಅಮರಮ್ಮನೇ ನಡೆಸಿಕೊಂಡು ಬಂದಿದ್ದಳು. ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ಒಂದು ಸಣ್ಣ ಟೀವಿ ಇಟ್ಟಿದ್ದಳು. ಶನಿವಾರ, ರವಿವಾರ ಸಂಜೆ ಹಾಡಿನ ಸ್ಪರ್ಧೆ ಶುರುವಾಯಿತೆಂದರೆ ಮೋಟರಿನ ಪಟ್ಟಾ ಬಿಚ್ಚಿ, ಗಿರಣಿ ಬಂದ್. ಬೀಸಲು ಬಂದ ಹೆಂಗಸರೂ ಡಬ್ಬಿಯನ್ನು ಪಾಳಿಗೆ ಇಟ್ಟು ಅಲ್ಲೇ ಕೂತುಬಿಡುತ್ತಿದ್ದರು. ಟೀವಿಯಲ್ಲಿ ಜಡ್ಜುಗಳು ಏನಾದರೂ ಹೇಳಲಿ, ಸೋಮವಾರ ಮುಂಜಾನೆ ಗಿರಣಿಯಲ್ಲಿ ಬೇರೆಯೇ ಫೈಸಲಾ ಆಗುತ್ತಿತ್ತು.

ಮೊದಮೊದಲು ಅಮರಮ್ಮ ಬೀಸಲು ಬಂದ ಡಬ್ಬಿಗಳಲ್ಲೇ ಹಾಡು ತೋರಿಸುತ್ತಿದ್ದಳು. "ಇದು ಆ ಟೇಲರ್ ಹುಡುಗನ ಹಾಡು. ಇದು ಅಕ್ಕ-ತಂಗಿ ಜೋಡಿದು. ಜೋಡಿಗಿಂತ ಹುಡುಗ ಚಲೋ ಹಾಡ್ಯಾನ," ಎಂದು ಹಿಂದಿನ ಡಬ್ಬಿಯನ್ನು ಮುಂದಕ್ಕೆ ತರುವಳು. "ಎಲ್ಲಿ ಚಲೋ ಹಾಡ್ಯಾನಬೇ, ಮೂಗಿನಾಗ ಹಾಡ್ಯಾನ," ಎಂದು ಓಣಿಯ ಗೆಳತಿ ಪದ್ಮಾವತಿ ಅದನ್ನು ಹಿಂದಕ್ಕೆ ನೂಕುವಳು. ಹೀಗೆ ಜಗ್ಗಾಡಿ ಜಗ್ಗಾಡಿ ಒಂದು ಸೋಮವಾರ ಪಾಳಿಯೆಲ್ಲ ಕಲಸಿಹೋಯಿತು. ಖಾರದ ಡಬ್ಬಿ ಯಾವತ್ತೂ ಎಲ್ಲದರ ಕೊನೆಗೆ ಇರಬೇಕಾದದ್ದು. ಅವತ್ತು ಅದು ಮಾಸ್ತರರ ಮನೆಯ ಗೋಧಿಗಿಂತ ಮುಂದೆ ಬಂದು ಕೂತಿತ್ತು. ಮಾತಿನ ಭರದಲ್ಲಿ ಅಮರಮ್ಮ ಮೆಣಸಿನಕಾಯಿ ಸುರಿದೇಬಿಟ್ಟಳು, ಅದರ ಬೆನ್ನಿಗೆ ಗೋಧಿ.

ಮಧ್ಯಾಹ್ನ ಮಾಸ್ತರರು ಅರ್ಧ ತಿಂದ ಚಪಾತಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದರು. ಮೂಗು ಕಣ್ಣು ಎಲ್ಲ ಸುರಿಯುತ್ತಿತ್ತು.

"ಏನಮ್ಮಾ ಇದು?"

"ತಪ್ಪಾತ್ರೀ ಸರ. ಟೇಲರ್ ಹುಡುಗ ಎರಡನೇದಕ್ಕ ಬಂದ ನೋಡ್ರಿ, ಅದಕ್ಕ ಹಿಂಗಾತು," ಎಂದಿದ್ದಳು ಅಮರಮ್ಮ, ಪೂರ್ತಿ ಗಂಭೀರವಾಗಿ.

ಬೇರೆ ಗೋಧಿ ಬೀಸಿ ಮನೆಗೆ ಮುಟ್ಟಿಸಿದ ಮೇಲೆ ಮರುದಿನವೇ ಆ ಹಲಗೆ ಬಂತು, ಮೇಲೆ ಹಳೇ ಡಬ್ಬಿಗಳು ಬಂದವು. ಬೀಸುವ ಪಾಳಿ ಬೇರೆ, ಹಾಡಿನ ಪಾಳಿ ಬೇರೆ. ಒಂದೊಂದು ಡಬ್ಬಿಗೆ ಒಂದೊಂದು ಹಾಡು. ಸ್ಪರ್ಧೆ ಮುಗಿಯುವ ತನಕ ಅವು ಹಿಂದೆ ಮುಂದೆ ಸರಿಯುತ್ತಲೇ ಇರುತ್ತಿದ್ದವು.

*

ಮಧ್ಯಾಹ್ನದ ಹೊತ್ತಿಗೆ ಭಜನೆಯ ಮಂಡಳಿ ಬಂತು. ಕರಿಬಸಯ್ಯನವರು ಮುಂದೆ, ಅವರ ಹಿಂದೆ ತಾಳ, ದಿಮ್ಮಡಿ. ಕೊನೆಗೆ ಕೊರಳಿಗೆ ಹಾರ್ಮೋನಿಯಂ ತೂಗಿಕೊಂಡು ಮೌಲಾಹುಸೇನ. ಗಿರಣಿಯ ಕಲ್ಲು ಸವೆದಾಗಲೆಲ್ಲ ಬಂದು ಉಳಿ ಹಿಡಿದು ಕುಟ್ಟಿ ಹರಿತ ಮಾಡಿಕೊಡುತ್ತಿದ್ದವನೂ ಅವನೇ. ಕೂಡ್ರಿಸಿದ ಅಮರಮ್ಮನನ್ನು ನೋಡಿ ಅವನು ಕೈ ಮುಗಿದ. ಆಮೇಲೆ ಅಭ್ಯಾಸದಂತೆ ಕಲ್ಲಿನ ಕಡೆ ತಿರುಗಿದ.

"ಕಾಳು ಒಳಗೇ ಉಳದೈತಲ್ಲ."

"ನನ್ನ ಜ್ವಾಳ," ಎಂದಳು ಪದ್ಮಾವತಿ. "ನಿನ್ನೆ ಸಂಜೀಕ ಬೀಸಾಕತ್ತಿದ್ಳು, ಕರೆಂಟ್ ಹೋತು. ಬರಲಿ ಬಿಡಬೇ ಅಂತ ಇಲ್ಲೇ ಕುಂತ್ಲು. ನಾ ಮನಿಗೆ ಹೋಗಿ ಕೊಡಪಾನ ತುಂಬಿಟ್ಟು ಬಂದೆ, ಕರೆಂಟ್ ಬಂದಿತ್ತು. ಟೀವಿ ತಾನ ಹಚ್ಚಿಗೊಂಡಿತ್ತು. ಆಕಿ ಏಳಲಿಲ್ಲ."

ಮೌಲಾಹುಸೇನ ತಲೆಯಾಡಿಸಿದ. "ಒಂದು ದಿನಾ ಕಲ್ಲಿನಾಗ ಕಾಳು ಬಿಟ್ಟು ನಿಂದ್ರಿಸಿದಾಕಿ ಅಲ್ಲ."

ಕರಿಬಸಯ್ಯನವರು ಎತ್ತುವ ಹೊತ್ತನ್ನು ಕೇಳಿ, ಯಾವ ಪದ ಯಾವಾಗ ಎಂದು ತಮ್ಮವರಿಗೆ ಹೇಳತೊಡಗಿದರು. ಪದ್ಮಾವತಿ ನಡುವೆಯೇ ಬಾಯಿ ಹಾಕಿದಳು.

"ಅಯ್ಯನೋರ, ಮನಿ ಬಿಟ್ಟಿಂದ ಹೊಲದ ತನಕ ಅಂಬಿ ಹಾಡತಾಳ."

ಅಂಬಿಕಾ ತಾಯಿಯ ಸೆರಗು ಸರಿಮಾಡುತ್ತಿದ್ದವಳು ಕೈ ತೆಗೆದಳು.

"ಯಾರು ಹೇಳಿದ್ರು?" ಬಸವಲಿಂಗ ಕೇಳಿದ.

"ನಿಮ್ಮವ್ವ ಹೇಳ್ಯಾಳ. ಈ ಸಲದ ಹಾಡಿನ ಪಾಳಿ ಹಚ್ಚಿ ಮುಗಿಸಿದ ದಿನ. 'ಪದ್ದಿ, ನನ್ನ ಎತ್ತೂವಾಗ ನನ್ನ ಮಗಳ ಕಡಿಂದ ಬೀಸೋ ಪದ ಹೇಳಸು. ಆಕಿ ಒಲ್ಲೆ ಅಂದರ ಬಿಡಬ್ಯಾಡ.' ಅದಕ್ಕ ಬಿಡಾಕತ್ತಿಲ್ಲ ನಾನು."

ಕರಿಬಸಯ್ಯನವರು ಗಡ್ಡ ನೀವಿಕೊಂಡರು. "ಹೆಣ್ಣಮಕ್ಕಳು ಹಾಡಬಾರದಂತ ನಾ ಅನ್ನಂಗಿಲ್ಲವ್ವ. ಆದ್ರ ಅದು ಬೀಸೋ ಪದ. ಕುಂತಲ್ಲಿ ಹಾಡೋದು. ನಡಕೋಂತ ಹಾಡಾಕ ತಾಳಕ್ಕ ಕೂಡೂದಿಲ್ಲ."

"ಅಲ್ರೀ ಅಯ್ಯನೋರ, ಅದಲ್ಲ ಮಾತು," ಎಂದ ಬಸವಲಿಂಗ. ದನಿ ಇಳಿಸಿದರೂ ಎಲ್ಲರಿಗೂ ಕೇಳಿಸುತ್ತಿತ್ತು. "ಅವತ್ತು ಸಿಂಧನೂರಾಗ ಏನಾತು ಅನ್ನೋದು ಇಲ್ಲಿ ಎಲ್ಲಾರಿಗೂ ಗೊತ್ತೈತಿ. ಅಲ್ಲಿ ಕುಂತು ನಕ್ಕ ಮಂದಿನೂ ಇಲ್ಲೇ ಅದಾರ. ಇವತ್ತ ಮತ್ತ ನಡುವ ನಿಂತಳಂದ್ರ? ನನ್ನ ತಂಗಿ ಅಳೋದನ್ನ ನಾ ಒಂದ ಸಲ ನೋಡೀನಿ, ಸಾಕು."

ಅಂಬಿಕಾ ಎದ್ದು ಹೊರಗೆ ಹೋದಳು.

ಕಟ್ಟೆಯ ಮೇಲೆ ಹಲಗೆ ಬಿಸಿಲಿಗೆ ಬಿದ್ದಿತ್ತು. ಪಕ್ಕದಲ್ಲಿ ಕೂತ ಇಬ್ಬರು ಮುದುಕಿಯರು ತಗ್ಗಿದ ದನಿಯಲ್ಲಿ ತಕರಾರು ನಡೆಸಿದ್ದರು.

"ಗೆದ್ದಾಕಿನ್ನ ಐದನೇದಕ್ಕ ಕುಂದ್ರಿಸ್ಯಾಳ ನೋಡು. ಹಾರ ಹಾಕಿಸಿಕೊಂಡಾಕಿ ಆಕಿ!"

"ಹಾರ ಟೀವಿಯವರು ಹಾಕ್ಯಾರ, ಅಮರವ್ವ ಏನು ಹಾಕ್ಯಾಳೇನು? ಆಕಿ ಲೆಕ್ಕಕ್ಕ ಆ ಕಂಡಕ್ಟರ್ ಹುಡುಗಿನ ಮೊದಲು."

"ಪದ ಮರತು ಮನಿಗೆ ಹೋದಾಕಿ?"

"ಆಕಿನೇ. ನಾವೆಲ್ಲಾ ಜಗಳಾಡಿದ್ವಿ. ಉಳಿದವನ್ನ ಬೇಕಾದಂಗ ಸರಸ್ರಿ, ಈ ಕೆಂಪು ಡಬ್ಬಿ ಮಾತ್ರ ಮುಟ್ಟಬ್ಯಾಡ್ರಿ ಅಂದುಬಿಟ್ಲು."

ಅಂಬಿಕಾ ಹಲಗೆಯ ಎಡ ತುದಿಯಲ್ಲಿ ಕೂತಳು. ಕೆಂಪು ಡಬ್ಬಿ ಕೈಗೆಟುಕುವಷ್ಟು ಹತ್ತಿರವಿತ್ತು. ಬಣ್ಣ ಹಾರಿ ಅಲ್ಲಲ್ಲಿ ತಗಡು ಕಾಣುತ್ತಿತ್ತು. ಅವಳು ಅದರ ಮಗ್ಗುಲಲ್ಲಿ ನೆಗ್ಗಿದ ಜಾಗಕ್ಕೆ ಹೆಬ್ಬೆರಳಿಟ್ಟಳು. ಬೆರಳು ಅಲ್ಲಿಂದ ಏಳಲಿಲ್ಲ.

*

ಟೀವಿಯವರು ಹಾಡುವವರನ್ನು ಆರಿಸಲು ಸಿಂಧನೂರಿನ ಕಲ್ಯಾಣ ಮಂಟಪಕ್ಕೆ ಬಂದ ವರ್ಷ ಅಂಬಿಕಾಳ ಮಗಳು ಇನ್ನೂ ಶಾಲೆಗೆ ಸೇರಿರಲಿಲ್ಲ. ಹೋಗೋಣವೆಂದು ಹಟ ಹಿಡಿದವಳು ಅಂಬಿಕಾಳೇ. ಅಮರಮ್ಮ ಗಿರಣಿ ಬಂದ್ ಮಾಡಿ ಜೊತೆಗೆ ಬಂದಿದ್ದಳು. ಕೆಂಪು ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಪುಡಿ, ಎಣ್ಣಿಗಾಯಿ ಕಟ್ಟಿಕೊಂಡಿದ್ದಳು. ಪಾಳಿಯಲ್ಲಿ ನಿಂತು ನಿಂತು ಬಿಸಿಲು ಇಳಿಯುತ್ತ ಬಂದರೂ ಹೆಸರು ಕೂಗಿರಲಿಲ್ಲ. "ಉಣ್ಣಬೇ," ಎಂದರೆ ಅಂಬಿಕಾ, "ಉಂಡರ ದನಿ ಕುಂದ್ರತೈತಿ, ಹಾಡಿದ ಮ್ಯಾಲ ಉಣ್ಣತೀನಿ," ಎಂದಿದ್ದಳು.

ವೇದಿಕೆ ಹತ್ತಿ, ತಾಯಿಯಿಂದ ಕಲಿತ ಬೀಸುವ ಪದವನ್ನೇ ಎತ್ತಿಕೊಂಡಳು. 'ಬೆಳ್ಳಿ ಮೂಡೂವಾಗ ಬೀಸಾಕ ಕುಂತೇನ.' ಮಂಟಪ ಒಮ್ಮೆಗೇ ಸುಮ್ಮನಾಯಿತು. ಮೊದಲ ನುಡಿ ಮುಗಿಯಿತು. ಎರಡನೆಯ ನುಡಿಗೆ ಬಾಯಿ ತೆರೆದಳು. ಅಲ್ಲಿ ಪದವೇ ಇರಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ಪದ, ನಿದ್ದೆಯಲ್ಲೂ ಹೇಳಬಲ್ಲ ಪದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇನ್ಯಾರೋ ಚಪ್ಪಾಳೆ ತಟ್ಟಿದರು, ಸಾಕು ಇಳಿ ಎಂಬಂತೆ. ಅಂಬಿಕಾ ಮೈಕು ಕೊಟ್ಟು ಇಳಿದುಬಂದಳು.

ಬಸ್‌ಸ್ಟ್ಯಾಂಡಿಗೆ ತಾಯಿ ಅವಳ ಕೈ ಹಿಡಿದು ಕರೆತಂದಳು. ಅಲ್ಲಿ ಕಟ್ಟೆಯ ಮೇಲೆ ಕೂತು ಡಬ್ಬಿಯ ಮುಚ್ಚಳ ಬಿಚ್ಚುತ್ತ ಕೇಳಿದಳು:

"ಮರತ್ರ ಮರತಿ. ನಿಂತ್ಯಾಕ?"

ಅಷ್ಟಕ್ಕೇ ಅಂಬಿಕಾ ಡಬ್ಬಿಯನ್ನು ಕಸಿದು ಬೀಸಿ ಒಗೆದಿದ್ದಳು. ಅದು ಕಂಬಕ್ಕೆ ಬಡಿಯಿತು, ರೊಟ್ಟಿ ಚೆಲ್ಲಿತು, ಮುಚ್ಚಳ ಉರುಳಿಕೊಂಡು ಹೋಗಿ ಹೊರಟ ಬಸ್ಸಿನ ಗಾಲಿಗೆ ಸಿಕ್ಕಿತು. ಅಮರಮ್ಮ ಎದ್ದು ಹೋಗಿ ಡಬ್ಬಿಯನ್ನು ಎತ್ತಿಕೊಂಡು, ಸೆರಗಿನಿಂದ ಒರೆಸಿ, ಮಡಿಲಲ್ಲಿಟ್ಟುಕೊಂಡು ಕೂತಳು. ಅವತ್ತಿನಿಂದ ಅಂಬಿಕಾ ಹಾಡಿರಲಿಲ್ಲ. ಮಗಳನ್ನು ಮಲಗಿಸುವಾಗಲೂ ಇಲ್ಲ.

ಈ ಸಲದ ಸ್ಪರ್ಧೆಯಲ್ಲಿ ಒಬ್ಬ ಬಸ್ ಕಂಡಕ್ಟರ್ ಹುಡುಗಿ ನಡುವೆ ಪದ ಮರೆತಳು. ಮರೆತವಳು ನಿಲ್ಲಲಿಲ್ಲ, ಬರೀ 'ಆ'ಕಾರದಲ್ಲಿ ಧಾಟಿಯನ್ನು ಹಿಡಿದುಕೊಂಡು ದಡ ಮುಟ್ಟಿದಳು. ಜಡ್ಜುಗಳು ಅವಳನ್ನು ಮನೆಗೆ ಕಳಿಸಿದರು. ಮರುದಿನ ಮುಂಜಾನೆ ಅಮರಮ್ಮನ ಫೋನು ಬಂದಿತ್ತು.

"ಅಂಬೀ, ನೋಡಿದೇನಬೇ? ಆಕಿ ಪದ ಮರತಳು, ಆದ್ರ ನಿಂದ್ರಲಿಲ್ಲ. ಆಕಿನ್ನ ಮೊದಲನೇದಕ್ಕ ಇಟ್ಟೀನಿ. ಡಬ್ಬಿ ಯಾವುದು ಗೊತ್ತೇನು..."

"ನನಗ ಚುಚ್ಚಾಕ ಫೋನ್ ಮಾಡೀಯೇನು?" ಎಂದವಳೇ ಅಂಬಿಕಾ ಫೋನು ಇಟ್ಟಿದ್ದಳು. ಆಮೇಲೆ ಮಾತು ಬಂದಾಗಲೆಲ್ಲ ಊಟ, ಔಷಧ, ಮಳೆ, ಇಷ್ಟೇ. ಡಬ್ಬಿ ಯಾವುದೆಂದು ತಾಯಿಯೂ ಮತ್ತೆ ಹೇಳಲಿಲ್ಲ, ಇವಳೂ ಕೇಳಲಿಲ್ಲ.

*

ಅಂಬಿಕಾ ಒಳಗೆ ಬಂದಾಗ ತಾಯಿಯನ್ನು ಕೂಡ್ರಿಸಿ ಹೊತ್ತೊಯ್ಯುವ ವಿಮಾನಕ್ಕೆ ಬಾಳೆದಿಂಡು ಕಟ್ಟಿ ಮುಗಿದಿತ್ತು. ಅವಳು ಸೆರಗನ್ನು ಸುತ್ತಿ ಸೊಂಟಕ್ಕೆ ಬಿಗಿದಳು.

"ಅಯ್ಯನೋರ, ನಾ ಹಾಡತೀನ್ರಿ."

"ಅಂಬೀ..." ಎಂದ ಬಸವಲಿಂಗ.

"ಅಣ್ಣ, ನೀ ಅವ್ವಗ ಹೆಗಲು ಕೊಡು. ನನ್ನ ಚಿಂತಿ ಮಾಡಬ್ಯಾಡ."

"ಮರತರ?"

"ಮರತರ ಮರೀತೀನಿ."

ಕರಿಬಸಯ್ಯನವರು ಅವಳ ಮುಖವನ್ನು ಒಂದು ಗಳಿಗೆ ನೋಡಿದರು. ತಾಳದವನ ಕಡೆ ತಿರುಗಿ, "ಕಾಲು ಎಷ್ಟು ಜಲ್ದಿ ಬೀಳತಾವೋ ಅಷ್ಟಕ್ಕ ಬಾರಸೋ. ಹಾಡಿಗೆ ಕಾಲು ಕೂಡ್ಲಿ," ಎಂದರು. ಮೌಲಾಹುಸೇನ ಹಾರ್ಮೋನಿಯಂ ತೂಗಿಕೊಂಡು, ಅದರ ಸ್ವರದ ಮನೆಗಳ ಮೇಲೆ ಬೆರಳಿಟ್ಟು, ಅವಳ ಪಕ್ಕಕ್ಕೆ ಬಂದ.

"ಯಾವ ಮನಿಯಿಂದ ಎತ್ತತೀ ತಂಗೀ?"

"ಅವ್ವ ಎತ್ತತಿದ್ದಲ್ಲಿಂದ."

ಅವನಿಗೆ ಅಷ್ಟು ಸಾಕಾಯಿತು. ಕಲ್ಲು ಕುಟ್ಟುವಾಗ ಅವನೂ ಆ ಪದವನ್ನು ಬೇಕಾದಷ್ಟು ಸಲ ಕೇಳಿದ್ದ. ಸ್ವರ ಹಿಡಿದ.

ವಿಮಾನ ಎದ್ದಿತು. ಹೊಸ್ತಿಲು ದಾಟುವಾಗ ಹೆಂಗಸರ ಅಳು ಒಮ್ಮೆಗೇ ಎದ್ದು, ಅಂಬಿಕಾಳ ದನಿ ಅದರಡಿ ಸಿಕ್ಕಿಕೊಂಡಿತು. ವರ್ಷಗಟ್ಟಲೆ ಮುಚ್ಚಿಟ್ಟ ಗಂಟಲು, ಒಡಕು ದನಿ. ಕೆಲವರು ತಲೆ ತಗ್ಗಿಸಿದರು. ಅವಳು ಕೆಮ್ಮಲಿಲ್ಲ, ತಿರುಗಿ ನೋಡಲಿಲ್ಲ. ಅದೇ ಸಾಲನ್ನು ಮತ್ತೆ ಹಿಡಿದಳು. ಚಾವಡಿ ದಾಟುವಷ್ಟರಲ್ಲಿ ಗಂಟಲು ಬಿಟ್ಟಿತು. ಕಾಲುವೆಯ ದಂಡೆಗೆ ಬರುವಷ್ಟರಲ್ಲಿ ಅಳುತ್ತಿದ್ದವರೂ ಸುಮ್ಮನಾಗಿ ಕೇಳುತ್ತ ನಡೆಯುತ್ತಿದ್ದರು. ಅತ್ತ ನೆಲ್ಲಿನ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಹೆಣ್ಣಾಳುಗಳು ಬದುವಿಗೆ ಬಂದು ನಿಂತರು.

ಮೊದಲ ನುಡಿ ಮುಗಿಯಿತು.

ಎರಡನೆಯದಕ್ಕೆ ಬಾಯಿ ತೆರೆದಳು. ಪದ ಇರಲಿಲ್ಲ.

ತಾಳ ಒಂದು ಪೆಟ್ಟು ತಪ್ಪಿತು. ಮುಂದಿನ ಬಲಗಂಬಕ್ಕೆ ಹೆಗಲು ಕೊಟ್ಟಿದ್ದ ಬಸವಲಿಂಗ ಕತ್ತು ತಿರುಗಿಸಿದ. ಕರಿಬಸಯ್ಯನವರು ತಾವೇ ಬೇರೆ ಪದ ಎತ್ತಿಕೊಳ್ಳಲು ಉಸಿರೆಳೆದುಕೊಂಡರು. ಎಳೆದ ಉಸಿರು ಎದೆಯಲ್ಲೇ ಉಳಿಯಿತು. ಮೌಲಾಹುಸೇನನ ಬೆರಳು ಒಂದೇ ಮನೆಯ ಮೇಲೆ ಒತ್ತಿ ನಿಂತಿತ್ತು, ಇನ್ನೊಂದು ಕೈ ತಿದಿ ಒತ್ತುತ್ತಲೇ ಇತ್ತು.

ಅಂಬಿಕಾಳ ಕಾಲು ನಿಲ್ಲಲಿಲ್ಲ. "ಆ..." ಎಂದಳು. ಪದವಿಲ್ಲದ ಧಾಟಿ ಏರುವಲ್ಲಿ ಏರಿತು, ಇಳಿಯುವಲ್ಲಿ ಇಳಿಯಿತು, ಬೀಸುವ ಕೈ ಸುತ್ತು ಹಾಕಿ ಬರುವಂತೆ ಮತ್ತೆ ಮೊದಲಿಗೆ ಬಂತು. ತಾಳದವನು ಅವಳ ಹೆಜ್ಜೆ ನೋಡಿಕೊಂಡು ಪೆಟ್ಟು ಕೂಡಿಸಿಕೊಂಡ. ಎರಡನೆಯ ಸುತ್ತಿಗೆ ಹಿಂದಿನಿಂದ ಪದ್ಮಾವತಿಯ ಗೊಗ್ಗರು ದನಿ ಬಂದು ಸೇರಿತು. ಅವಳ ಹಿಂದೆ ಗಿರಣಿಯಲ್ಲಿ ಪಾಳಿ ಹಚ್ಚಿ ಕೂರುತ್ತಿದ್ದ ಹೆಂಗಸರ ದನಿ. ಒಬ್ಬರೂ ಪದ ಹೇಳಿಕೊಡಲಿಲ್ಲ. ಹೊಲದ ಬದು ಹತ್ತುವ ತನಕ, ಗುಣಿಯ ಹತ್ತಿರ ವಿಮಾನ ಇಳಿಸುವ ತನಕ ಬರೀ ಧಾಟಿಯೇ ನಡೆಯಿತು.

ಇಳಿಸಿದ ಮೇಲೆ ಬಸವಲಿಂಗ ಹೆಗಲು ಒತ್ತಿಕೊಳ್ಳುತ್ತ ತಂಗಿಯ ಪಕ್ಕಕ್ಕೆ ಬಂದು ನಿಂತ. ತನ್ನ ಟವೆಲ್ಲನ್ನು ಅವಳ ಕೈಗೆ ಕೊಟ್ಟ.

*

ಮಣ್ಣು ಕೊಟ್ಟು, ಕೈಕಾಲು ತೊಳೆದು ಮಂದಿ ತಿರುಗಿ ಬಂದಾಗ ಸಂಜೆ ಬಿಸಿಲು ಗಿರಣಿಯ ಹೊಸ್ತಿಲಿಗೆ ಬಂದಿತ್ತು. ಮೌಲಾಹುಸೇನ ನೇರ ಕಲ್ಲಿನ ಹತ್ತಿರ ಹೋಗಿ ಪಟ್ಟಾ ಮುಟ್ಟಿ ನೋಡಿದ.

"ಅಯ್ಯನೋರ, ಕಾಳು ಒಳಗ ಬಿಟ್ರ ಕಲ್ಲು ಹಿಡೀತೈತ್ರಿ. ಒಂದ ಸಲ ತಿರವಿ ಖಾಲಿ ಮಾಡಲೇನು?"

ಕರಿಬಸಯ್ಯನವರು ಬಸವಲಿಂಗನ ಕಡೆ ನೋಡಿದರು. ಬಸವಲಿಂಗ ಕಟ್ಟೆಯ ಮೇಲಿನ ಹಲಗೆಯ ಒಂದು ತುದಿಗೆ ಕೈ ಹಾಕಿದ್ದ. "ತಿರವು ಕಾಕಾ. ಅವ್ವ ಹಿಡದ ಕೆಲಸ, ಮುಗೀಲಿ." ಆಮೇಲೆ ಹಲಗೆಯನ್ನು ಎತ್ತುತ್ತಿದ್ದ ಬೀಗರಿಗೆ, "ಹೌರಗ್ರಿ. ಪಾಳಿ ಕೆಡಬಾರದು," ಎಂದ.

"ಹಿಟ್ಟು ಹಿಡಿಯಾಕ ಡಬ್ಬಿ?" ಎಂದ ಮೌಲಾಹುಸೇನ.

ಪದ್ಮಾವತಿಯ ಡಬ್ಬಿ ಕಲ್ಲಿನ ಬುಡದಲ್ಲೇ ಇತ್ತು, ನಿನ್ನೆಯಿಂದ. ಅವಳು ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು. ಹಲಗೆಯ ಎಡ ತುದಿಯಿಂದ ಕೆಂಪು ಡಬ್ಬಿಯನ್ನು ಎತ್ತಿ, ಸೆರಗಿನಿಂದ ಒಳಗೆಲ್ಲ ಒರೆಸಿ, ಅಂಬಿಕಾಳ ಕೈಗೆ ಕೊಟ್ಟಳು. ನೀಲಿ ಮುಚ್ಚಳದ್ದನ್ನು ಮುಂದೆ ಸರಿಸಲು ಬಗ್ಗಿದ ಬೀಗರ ಕೈ ಮೇಲೆ ಮೆಲ್ಲಗೆ ಒಂದು ಪೆಟ್ಟು ಹಾಕಿದಳು. ಆ ಜಾಗ ಹಾಗೇ ಖಾಲಿ ಉಳಿಯಿತು.

ಸ್ವಿಚ್ಚು ಬಿತ್ತು. ಪಟ್ಟಾ ಒಮ್ಮೆ ಜಾರಿತು, ಹಿಡಿಯಿತು. ಕಲ್ಲು ನರಳಿಕೊಂಡು ತಿರುಗತೊಡಗಿತು. ಅಂಬಿಕಾ ಕುಕ್ಕರಗಾಲಲ್ಲಿ ಕೂತು ಡಬ್ಬಿಯನ್ನು ಹಿಟ್ಟು ಬೀಳುವ ಬಟ್ಟೆಯ ಬಾಯಿಗೆ ಹಿಡಿದಳು. ಮೊದಲು ಸ್ವಲ್ಪ ತರಿ ಬಿತ್ತು. ಆಮೇಲೆ ಬಿಳಿ ಹಿಟ್ಟು, ಬೆಚ್ಚಗೆ, ಎಡೆಬಿಡದೆ. ನೆಗ್ಗಿದ ಮಗ್ಗುಲು ಮುಚ್ಚಿತು, ಕಂಠದ ತನಕ ಏರಿತು. ಮುಚ್ಚಳವಿಲ್ಲದ ಡಬ್ಬಿಯ ಬಾಯಿಗೆ ಅವಳು ತನ್ನ ಅಂಗೈ ಇಟ್ಟಳು.